ಪ್ಲಗ್ ಹಾಕಿದೊಡನೆ ಟ್ರಿಪ್: ದೋಷ ಹೀಟರಿನದೋ, ಗೋಡೆಯದೋ?



ಕಳೆದ ಆಗಮನ ಕಾಲದ ಒಂದು ಭಾನುವಾರ ಬಲಿಪೂಜೆ ಮುಗಿಸಿ ಪೂಜಾವಸ್ತ್ರ ಕಳಚುತ್ತಿದ್ದೆ. ರತ್ನಗಿರಿ ಕಡೆಯ ರೇಷ್ಮೆ ಬೆಳೆಗಾರರೊಬ್ಬರು ಪತ್ನಿಯೊಡನೆ ಬಾಗಿಲ ಬಳಿ ಬಂದು ನಿಂತರು.

"ಸ್ವಾಮಿ, ನಮ್ಮ ಹುಳು ಮನೆಗೆ ಒಂದ್ಸಲ ಬಂದು ಪ್ರಾರ್ಥನೆ ಮಾಡಿ ತೀರ್ಥ ಹಾಕ್ಬೇಕು. ಯಾಕೋ ಈ ಬೆಳೆ ಆಗಿಬರ್ತಿಲ್ಲ. ಹೀಟರ್ ಹಾಕಿದ್ರೆ ಸಾಕು, ಇಡೀ ಮನೆ ಕರೆಂಟು ಹೋಗ್ತೈತೆ" ಎಂದರು.

ವಿಷಯ ಹೀಗಿತ್ತು. ನೂರೈವತ್ತು ಮೊಟ್ಟೆಯ ಹುಳು ಎರಡನೇ ಜ್ವರ ಎದ್ದಿತ್ತು. ರಾತ್ರಿ ಚಳಿ ಜೋರು. ಚಾಕಿ ಹುಳುವಿಗೆ 27-28 ಡಿಗ್ರಿ, ದೊಡ್ಡ ಹುಳುವಿಗೆ 24-25 ಡಿಗ್ರಿ ಶಾಖ ಬೇಕೆಂಬುದು ನಿಮಗೆಲ್ಲ ಗೊತ್ತಿದ್ದದ್ದೇ. ಚಳಿಗೆ ಹುಳು ಸೊಪ್ಪು ತಿನ್ನುವುದು ಕಡಿಮೆಯಾಗುತ್ತದೆ, ಜ್ವರ ಏಳುವುದು ತಡವಾಗುತ್ತದೆ. ಅದಕ್ಕೆಂದು ಹೋದ ವರ್ಷದ ಹೀಟರನ್ನು ಅಟ್ಟದಿಂದ ಇಳಿಸಿ ಪ್ಲಗ್ ಹಾಕಿದರೆ, ಮೀಟರ್ ಬೋರ್ಡಿನಲ್ಲಿ 'ಟಕ್' ಎಂದು ಲಿವರ್ ಬಿತ್ತು. ಎತ್ತಿದರು, ಮತ್ತೆ ಬಿತ್ತು. ಹೀಟರ್ ಕೆಟ್ಟಿದೆ ಎಂದು ಶಿರಾಕ್ಕೆ ಹೋಗಿ ಹೊಸದನ್ನು ತಂದರು. ಅದಕ್ಕೂ ಬಿತ್ತು.

ಅಷ್ಟರಲ್ಲಿ ಅವರ ಪತ್ನಿ ಬಾಯಿ ಹಾಕಿದರು: "ವೈರ್‌ಮನ್ನು ನಾಳೆ ಬಂದು ಆ ಟ್ರಿಪ್ ಸ್ವಿಚ್ಚೇ ತೆಗೆದು ಡೈರೆಕ್ಟ್ ಕೊಡ್ತೀನಿ ಅಂದವ್ನೆ ಸ್ವಾಮಿ. ಇವ್ರು ಒಪ್ಕಂಡವ್ರೆ. ನಂಗ್ಯಾಕೋ ಭಯ."

ತೀರ್ಥ ಹಾಕಲು ನನಗೆ ಅಡ್ಡಿಯಿಲ್ಲ, ಆದರೆ ಪ್ಲಗ್ ಪಾಯಿಂಟಿಗೂ ನೀರಿಗೂ ಆಗುವುದಿಲ್ಲ, ಅದು ತೀರ್ಥವಾದರೂ ಸರಿಯೇ ಎಂದೆ. ನಮ್ಮ ಧರ್ಮಕೇಂದ್ರದವರೇ ಆದ, ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆದುಕೊಂಡು ಅಂದೇ ಮಧ್ಯಾಹ್ನ ಅವರ ಮನೆಗೆ ಹೋದೆವು. ಅಲ್ಲಿ ಕಂಡದ್ದನ್ನು ಈ ಅಂಕಣದಲ್ಲಿ ಬರೆಯಲೇಬೇಕೆನಿಸಿತು. ಅಂಥ ಟ್ರಿಪ್ ಸ್ವಿಚ್ಚು ಈಗ ಹಳ್ಳಿಯ ಹೊಸ ಮನೆಗಳಿಗೆಲ್ಲ ಬರುತ್ತಿದೆ. ಬಂದಷ್ಟೇ ಬೇಗ ಕೆಲವು ಮನೆಗಳಲ್ಲಿ ಅದನ್ನು ಕಿತ್ತೂ ಹಾಕುತ್ತಿದ್ದಾರೆ.

ಮೊದಲು ಅದರ ಕೆಲಸವೇನೆಂದು ತಿಳಿಯೋಣ. ಅಂಗಡಿಯಲ್ಲಿ ಇದನ್ನು ಆರ್.ಸಿ.ಸಿ.ಬಿ. ಎನ್ನುತ್ತಾರೆ. ಹಳಬರು ಇನ್ನೂ ಇ.ಎಲ್.ಸಿ.ಬಿ. ಎಂದೇ ಕರೆಯುವುದುಂಟು. ಪಕ್ಕದಲ್ಲಿರುವ ಚಿಕ್ಕ ಎಂ.ಸಿ.ಬಿ.ಗಳಿಗಿಂತ ಇದು ಅಗಲ. ಇದರ ಮೇಲೆ 'ಟಿ' ಎಂದು ಬರೆದ ಪುಟ್ಟ ಗುಂಡಿ ಇರುತ್ತದೆ, ಗುರುತಿಗೆ ಅದೇ ಸಾಕು. ಎಂ.ಸಿ.ಬಿ. ಆಗಲಿ, ಹಳೆಯ ಫ್ಯೂಸ್ ಕಟ್ಟು ಆಗಲಿ ಕಾಯುವುದು ವೈರನ್ನು. ಹೊರೆ ಹೆಚ್ಚಾದರೆ ಅಥವಾ ವೈರಿಗೆ ವೈರು ತಗುಲಿದರೆ ಅದು ಬೀಳುತ್ತದೆ. ಆರ್.ಸಿ.ಸಿ.ಬಿ. ಕಾಯುವುದು ಮನುಷ್ಯನನ್ನು.

ಅದು ಕೆಲಸ ಮಾಡುವ ರೀತಿ ನಮ್ಮ ಕುರಿಗಾಹಿಗಳಿಗೆ ಚೆನ್ನಾಗಿ ಅರ್ಥವಾಗುತ್ತದೆ. ಬೆಳಿಗ್ಗೆ ರೊಪ್ಪದ ಬಾಗಿಲಲ್ಲಿ ನಿಂತು ನೂರು ಕುರಿ ಎಣಿಸಿ ಹೊರಗೆ ಬಿಡುತ್ತಾನೆ. ಸಂಜೆ ಅದೇ ಬಾಗಿಲಲ್ಲಿ ನಿಂತು ಎಣಿಸುತ್ತಾನೆ. ತೊಂಬತ್ತೊಂಬತ್ತು ಬಂದರೆ ಒಂದು ಎಲ್ಲೋ ತಪ್ಪಿಸಿಕೊಂಡಿದೆ ಎಂದರ್ಥ. ಆರ್.ಸಿ.ಸಿ.ಬಿ.ಯೂ ಹಾಗೆಯೇ. ಫೇಸ್ ತಂತಿಯಲ್ಲಿ ಹೊರಟ ಕರೆಂಟು ನ್ಯೂಟ್ರಲ್ ತಂತಿಯಲ್ಲಿ ಅಷ್ಟೇ ವಾಪಸು ಬರಬೇಕು. ಕಡಿಮೆ ಬಂದರೆ ಅದು ಬೇರೆ ದಾರಿಯಲ್ಲಿ, ಒದ್ದೆ ಗೋಡೆಯ ಮೂಲಕವೋ, ಮಿಕ್ಸಿಯ ಮೈಯಿಂದಲೋ, ಬರಿಗಾಲಿನಲ್ಲಿ ನಿಂತ ಮನುಷ್ಯನ ಮೈಯಿಂದಲೋ ಭೂಮಿಗೆ ಹೋಗುತ್ತಿದೆ ಎಂದು ತಿಳಿದು ತಕ್ಷಣ ಬಾಗಿಲು ಹಾಕಿಬಿಡುತ್ತದೆ.

ಎಷ್ಟು ಕಡಿಮೆಯಾದರೆ ಬೀಳುತ್ತದೆ? ಮನೆಗೆ ಹಾಕುವುದರ ಮೇಲೆ 30 ಮಿಲಿ ಆಂಪಿಯರ್ ಎಂದು ಬರೆದಿರುತ್ತದೆ. ಒಂದು ಆಂಪಿಯರ್ ಎಂದರೆ 1000 ಮಿಲಿ ಆಂಪಿಯರ್. 5 ಆಂಪಿಯರ್ ಫ್ಯೂಸ್ ಕಟ್ಟು 5000 ಮಿಲಿ ಆಂಪಿಯರ್ ಹರಿದರೂ ಕರಗುವುದಿಲ್ಲ. ಮನುಷ್ಯನ ಮೈಯಲ್ಲಿ ಒಂದು ಮಿಲಿ ಆಂಪಿಯರ್ ಹರಿದರೆ ಜುಮ್ಮೆನ್ನುತ್ತದೆ. ಹತ್ತು ಹದಿನೈದಾದರೆ ಕೈ ಸ್ನಾಯು ಬಿಗಿದುಕೊಂಡು, ಹಿಡಿದದ್ದನ್ನು ಬಿಡಲು ಆಗುವುದಿಲ್ಲ. ಮೂವತ್ತಕ್ಕಿಂತ ಹೆಚ್ಚು ಕರೆಂಟು ಸ್ವಲ್ಪ ಹೊತ್ತು ಎದೆಯ ಮೂಲಕ ಹರಿದರೆ ಹೃದಯ ತಾಳ ತಪ್ಪಿ ಬರಿದೇ ಅದುರತೊಡಗುತ್ತದೆ, ರಕ್ತ ಮುಂದಕ್ಕೆ ಹೋಗುವುದಿಲ್ಲ. ಆಗ ಕೆಲವು ನಿಮಿಷಗಳಲ್ಲಿ ಜೀವ ಹೋಗುತ್ತದೆ. ಅಂದರೆ ಮನುಷ್ಯ ಸಾಯುವಷ್ಟು ಕರೆಂಟು ಫ್ಯೂಸಿನ ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೇ ಫ್ಯೂಸ್ ಇದೆಯಲ್ಲ ಎಂದು ಸುಮ್ಮನಿರಬಾರದು.

ಇದರ ಮೂಲ ಚಿನ್ನದ ಗಣಿಯಲ್ಲಿದೆ ಎಂಬುದು ನಿಮಗೆ ಕುತೂಹಲವೆನಿಸಬಹುದು. ನಮ್ಮ ಕೋಲಾರದ ಗಣಿಗೆ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂದದ್ದು ಎಲ್ಲರಿಗೂ ಗೊತ್ತು. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ ಶಾಕ್ ತಡೆಯಲೆಂದು 1955ರ ಸುಮಾರಿಗೆ ಹೆನ್ರಿ ರೂಬಿನ್ ಎಂಬವರು ಇಂಥ ಸಾಧನವೊಂದನ್ನು ರೂಪಿಸಿದರು. ಮೊದಲು ಅದು 250 ಮಿಲಿ ಆಂಪಿಯರಿಗೆ ಬೀಳುತ್ತಿತ್ತು, ಮುಂದೆ 20ಕ್ಕೆ ಇಳಿಯಿತು. ಸ್ಟಿಲ್‌ಫಾಂಟೀನ್ ಎಂಬ ಗಣಿ ಊರಿನಲ್ಲಿ ಹೆಂಗಸೊಬ್ಬಳು ಇಸ್ತ್ರಿ ಪೆಟ್ಟಿಗೆಯ ಶಾಕಿಗೆ ತೀರಿಕೊಂಡ ಮೇಲೆ, 1957-58ರಲ್ಲಿ ಅಲ್ಲಿನ ನೂರಾರು ಮನೆಗಳಿಗೆ ಅದನ್ನು ಹಾಕಿದರು.

ಈಗ ನಮ್ಮ ಹುಳು ಮನೆಗೆ ಬರೋಣ.

ಎಲೆಕ್ಟ್ರಿಷಿಯನ್ ಬಂದವರೇ ಯಾವ ಪೆಟ್ಟಿಗೆಯನ್ನೂ ಬಿಚ್ಚಲಿಲ್ಲ. ಮೊದಲು ಮನೆಯಲ್ಲಿರುವ ಎಲ್ಲ ಪ್ಲಗ್ಗುಗಳನ್ನೂ ಕೀಳಿಸಿದರು. ಫ್ರಿಜ್, ಮಿಕ್ಸಿ, ಟಿ.ವಿ., ಮೊಬೈಲ್ ಚಾರ್ಜರ್ ಎಲ್ಲವೂ. "ಸ್ವಿಚ್ ಆಫ್ ಮಾಡಿದ್ರೆ ಸಾಲ್ದಾ?" ಎಂದು ಮನೆಯ ಹುಡುಗ ಕೇಳಿದ. ಸಾಲದು. ಗೋಡೆಯ ಸ್ವಿಚ್ಚು ಫೇಸ್ ತಂತಿಯನ್ನು ಮಾತ್ರ ಕಡಿಯುತ್ತದೆ. ನ್ಯೂಟ್ರಲ್ ತಂತಿ ಹಾಗೆಯೇ ಉಪಕರಣಕ್ಕೆ ಕೂಡಿಕೊಂಡಿರುತ್ತದೆ. ಆ ಕಡೆಯಿಂದಲೂ ಸೋರಿಕೆ ಇರಬಹುದು. ಆದ್ದರಿಂದ ಪ್ಲಗ್ಗನ್ನು ಹೊರಗೆ ತೆಗೆಯಲೇಬೇಕು.

ಎಲ್ಲ ಕಿತ್ತ ಮೇಲೆ ಲಿವರ್ ಎತ್ತಿದರು. ನಿಂತಿತು. ಅಂದರೆ ದೀಪದ ವೈರಿಂಗಿನಲ್ಲಿ ದೊಡ್ಡ ದೋಷವಿಲ್ಲ.

ನಂತರ ಹೊಸ ಹೀಟರನ್ನು ಅಡಿಗೆಮನೆಯ ಪ್ಲಗ್ ಪಾಯಿಂಟಿಗೆ ಹಾಕಿದರು. ಕೆಂಪಗೆ ಕಾಯಿತು, ಲಿವರ್ ಬೀಳಲಿಲ್ಲ. ಕೆಟ್ಟಿದೆ ಎಂದು ಮೂಲೆಗೆ ಎಸೆದಿದ್ದ ಹಳೆಯ ಹೀಟರನ್ನೂ ಅಲ್ಲಿಯೇ ಹಾಕಿ ನೋಡಿದರು. ಅದೂ ಸೊಗಸಾಗಿ ಕಾಯಿತು! ಮನೆಯ ಯಜಮಾನರ ಮುಖ ಆಗ ನೋಡಬೇಕಿತ್ತು. ಶಿರಾದಲ್ಲಿ ಕೊಟ್ಟ ದುಡ್ಡು ಕಣ್ಣ ಮುಂದೆ ಬಂದಿರಬೇಕು.

ಆಮೇಲೆ ಅವರು ತಮ್ಮ ಚೀಲದಿಂದ 60 ವ್ಯಾಟಿನ ಹಳೇ ಕಾಲದ ಬುರುಡೆ ಬಲ್ಬೊಂದನ್ನು ತೆಗೆದರು. ಹೋಲ್ಡರಿಗೆ ಎರಡು ತಂತಿ, ಎರಡು ಪಿನ್ನಿನ ಪ್ಲಗ್ಗು, ಅಷ್ಟೇ. ಹುಳು ಮನೆಯ ಪ್ಲಗ್ ಪಾಯಿಂಟಿಗೆ ಅದನ್ನು ಹಾಕಿ ಸ್ವಿಚ್ ಒತ್ತಿದರು. ಟಕ್! ಮನೆಯೆಲ್ಲ ಕತ್ತಲು.

"ಸಿಕ್ತು ಫಾದರ್" ಎಂದರು.

ಹೇಗೆ ಸಿಕ್ಕಿತು? ಬಲ್ಬಿಗೆ ಲೋಹದ ಮೈಯಿಲ್ಲ, ಅರ್ಥ್ ಪಿನ್ನೂ ಇಲ್ಲ. ಅದರಿಂದ ಭೂಮಿಗೆ ಕರೆಂಟು ಸೋರುವ ದಾರಿಯೇ ಇಲ್ಲ. ಆದರೂ ಬಿತ್ತೆಂದರೆ ಬಲ್ಬಿನ ಮೂಲಕ ಹೋದ ಕರೆಂಟು ವಾಪಸು ಬರುವಾಗ ತಪ್ಪು ದಾರಿ ಹಿಡಿಯುತ್ತಿದೆ. 60 ವ್ಯಾಟಿನ ಬಲ್ಬು 230 ವೋಲ್ಟಿನಲ್ಲಿ ಎಳೆಯುವ ಕರೆಂಟು ಸುಮಾರು 260 ಮಿಲಿ ಆಂಪಿಯರ್. ಆರ್.ಸಿ.ಸಿ.ಬಿ. ಬೀಳಲು ಮೂವತ್ತು ಸಾಕು. ದೋಷ ಇದ್ದದ್ದು ಹೀಟರಿನಲ್ಲಲ್ಲ, ಗೋಡೆಯಲ್ಲಿ.

ಮೇನ್ ಆಫ್ ಮಾಡಿ ಪ್ಲಗ್ ಪಾಯಿಂಟ್ ಬಿಚ್ಚಿದರು. ನ್ಯೂಟ್ರಲ್ ಕೂರಬೇಕಾದ ತಿರುಪಿನಲ್ಲಿ ಕಪ್ಪು ತಂತಿಯೇ ಇರಲಿಲ್ಲ. ಪಕ್ಕದ ಅರ್ಥ್ ತಿರುಪಿನಿಂದ ಹಸಿರು ತಂತಿಯ ಒಂದು ತುಂಡನ್ನು ಎಳೆದು ಅಲ್ಲಿಗೆ ಸಿಕ್ಕಿಸಿತ್ತು.

ಆಗ ಯಜಮಾನರಿಗೆ ಹಳೆಯದೆಲ್ಲ ನೆನಪಾಯಿತು. ಮೂರು ವರ್ಷದ ಹಿಂದೆ ಇಲಿ ಎಲ್ಲೋ ಪೈಪಿನೊಳಗೆ ವೈರು ಕಡಿದು ಆ ಪ್ಲಗ್ಗು ಸತ್ತಿತ್ತಂತೆ. ಬೆಳೆ ಮೇಲಿತ್ತು, ಗೋಡೆ ಅಗೆಯಲು ಪುರುಸೊತ್ತಿರಲಿಲ್ಲ. ಬಂದ ವೈರ್‌ಮನ್ ಐದು ನಿಮಿಷದಲ್ಲಿ ಕರೆಂಟು ಬರಿಸಿ, ಟೀ ಕುಡಿದು ಹೋಗಿದ್ದ. ನ್ಯೂಟ್ರಲ್ ಇಲ್ಲದ ಕಡೆ ಅರ್ಥ್ ತಂತಿಯಿಂದಲೋ, ನೆಲಕ್ಕೆ ಬಡಿದ ಕಬ್ಬಿಣದ ಸರಳಿನಿಂದಲೋ ಕೆಲಸ ಸಾಗಿಸುವುದು ನಮ್ಮ ಹಳ್ಳಿಗಳಲ್ಲಿ ಹೊಸದೇನಲ್ಲ. ದೀಪ ಉರಿಯುತ್ತದೆ, ಫ್ಯಾನು ತಿರುಗುತ್ತದೆ, ಯಾರಿಗೂ ಸಂಶಯ ಬರುವುದಿಲ್ಲ. ಟೆಸ್ಟರ್ ಹಾಕಿ ನೋಡಿದರೂ ಫೇಸಿನ ತೂತಿನಲ್ಲಿ ಹೊಳೆಯುತ್ತದೆ, ಇನ್ನೊಂದರಲ್ಲಿ ಹೊಳೆಯುವುದಿಲ್ಲ. ಎಲ್ಲ ಸರಿಯಿದೆ ಎಂದೇ ಅನ್ನಿಸುತ್ತದೆ. ಟೆಸ್ಟರಿನಿಂದ ಈ ಕಳ್ಳನನ್ನು ಹಿಡಿಯಲಾಗದು.

ಎರಡು ಚಳಿಗಾಲ ಹೀಗೆಯೇ ನಡೆದಿತ್ತು. ಕಳೆದ ಅಕ್ಟೋಬರಿನಲ್ಲಿ ಮೀಟರ್ ಬೋರ್ಡ್ ಬದಲಾಯಿಸುವಾಗ ಆರ್.ಸಿ.ಸಿ.ಬಿ. ಬಂದು ಕೂತಿತು. ಹುಳು ಮನೆಯ ಆ ಪ್ಲಗ್ಗನ್ನು ಚಳಿಗಾಲಕ್ಕೆ ಬಿಟ್ಟರೆ ಬಳಸುತ್ತಿರಲಿಲ್ಲ. ಡಿಸೆಂಬರ್ ಬಂತು, ಹೀಟರ್ ಹಾಕಿದರು, ಅದು ಬಿತ್ತು. ಹೊಸದಾಗಿ ಬಂದದ್ದು ಆ ಟ್ರಿಪ್ ಸ್ವಿಚ್ಚು, ಆದ್ದರಿಂದ ತಪ್ಪೆಲ್ಲ ಅದರ ತಲೆಗೆ! ಕುರಿ ಮುಂಬಾಗಿಲಿನಿಂದ ಹೋಗಿ ಹಿತ್ತಲ ಬೇಲಿಯ ಕಿಂಡಿಯಿಂದ ಮನೆ ಸೇರುತ್ತಿದ್ದರೆ, ಬಾಗಿಲಲ್ಲಿ ಎಣಿಸುವವನು ಕುರಿ ಕಳೆದಿದೆ ಎಂದು ಕೂಗಲೇಬೇಕಲ್ಲವೇ? ಅವನನ್ನು ಕೆಲಸದಿಂದ ತೆಗೆದರೆ ಕಿಂಡಿ ಮುಚ್ಚುವುದೇ?

ಆ ಕಿಂಡಿಯಿಂದ ಏನಾಗುತ್ತಿತ್ತು ಎಂಬುದೇ ಮುಖ್ಯ. ಆ ತಾಯಿ ಒಂದು ಮಾತು ಹೇಳಿದರು. ಹೋದ ಚಳಿಗಾಲದಲ್ಲಿ ಹುಳು ಮನೆಯಲ್ಲಿ ಹೀಟರ್ ಉರಿಯುವಾಗ, ಇತ್ತ ಅಡಿಗೆಮನೆಯಲ್ಲಿ ಫ್ರಿಜ್ಜಿನ ಹಿಡಿ ಮುಟ್ಟಿದರೆ ಜುಮ್ಮೆನ್ನುತ್ತಿತ್ತಂತೆ. ಗಂಡನಿಗೆ ಹೇಳಿದರೆ "ಚಪ್ಲಿ ಹಾಕ್ಕಂಡು ಮುಟ್ಟು" ಎಂದಿದ್ದರಂತೆ. ಹೀಟರ್ ಕೂಡ ಹಿಂದಿನಷ್ಟು ಕಾಯುತ್ತಿರಲಿಲ್ಲವಂತೆ. ಎರಡೂ ಒಂದೇ ರೋಗದ ಲಕ್ಷಣ.

ಸ್ವಲ್ಪ ಲೆಕ್ಕ ಹಾಕಿದರೆ ಸ್ಪಷ್ಟವಾಗುತ್ತದೆ. 1000 ವ್ಯಾಟಿನ ಹೀಟರಿನ ತಡೆ ಸುಮಾರು 53 ಓಮ್. ಮನೆಯ ಅರ್ಥಿಂಗ್ ಗುಂಡಿಯ ತಡೆ 10 ಓಮ್ ಎಂದಿಟ್ಟುಕೊಳ್ಳಿ. ಕರೆಂಟು ಇವೆರಡನ್ನೂ ದಾಟಿ ಭೂಮಿಗೆ ಹೋಗಬೇಕು. ಆಗ ಹರಿಯುವುದು ಸುಮಾರು ಮೂರೂವರೆ ಆಂಪಿಯರ್, ಅರ್ಥ್ ತಂತಿಯ ಮೇಲೆ ನಿಲ್ಲುವುದು 36 ವೋಲ್ಟ್. ಅದೇ ಅರ್ಥ್ ತಂತಿ ಫ್ರಿಜ್, ಮಿಕ್ಸಿ, ಗ್ರೈಂಡರ್ ಎಲ್ಲದರ ಲೋಹದ ಮೈಗೂ ಕೂಡಿಕೊಂಡಿದೆ. ಮನೆಯ ಒಂದು ಮೂಲೆಯಲ್ಲಿ ಹೀಟರ್ ಉರಿದರೆ ಇನ್ನೊಂದು ಮೂಲೆಯ ಫ್ರಿಜ್ಜಿನ ಮೈಗೆ 36 ವೋಲ್ಟ್! ಮಳೆ ಕಡಿಮೆಯಿರುವ ನಮ್ಮ ಸೀಮೆಯಲ್ಲಿ ಗುಂಡಿ ಒಣಗಿ ತಡೆ 25 ಓಮಿಗೆ ಏರಿದರೆ ಅದು 70 ವೋಲ್ಟ್ ದಾಟುತ್ತದೆ. ಗುಂಡಿಯ ಹತ್ತಿರ ತಂತಿ ತುಕ್ಕು ಹಿಡಿದು ತುಂಡಾದರಂತೂ ಕರೆಂಟಿಗೆ ಹೋಗಲು ದಾರಿಯೇ ಇಲ್ಲ, ಆಗ ಮನೆಯಲ್ಲಿರುವ ಅರ್ಥ್ ಕೊಟ್ಟ ಪ್ರತಿಯೊಂದು ಪಾತ್ರೆ ಪದಾರ್ಥದ ಮೈಗೂ ಹೆಚ್ಚುಕಡಿಮೆ ಪೂರ್ತಿ 230 ವೋಲ್ಟ್ ಬಂದು ಕಾಯುತ್ತಿರುತ್ತದೆ, ಯಾರಾದರೂ ಒದ್ದೆ ಕಾಲಿನಲ್ಲಿ ಮುಟ್ಟಲಿ ಎಂದು. ಹುಳು ಮನೆಯಲ್ಲಿ ತೇವಾಂಶಕ್ಕೆಂದು ನೆಲಕ್ಕೆ ನೀರು ಚಿಮುಕಿಸಿರುತ್ತೀರಿ. ಎಪ್ಪತ್ತು ದಾಟಿದ ಅಜ್ಜಿ ಬರಿಗಾಲಿನಲ್ಲಿ ಕಸ ಗುಡಿಸುತ್ತಾರೆ. ಸೋಮವಾರ ಆ ಟ್ರಿಪ್ ಸ್ವಿಚ್ಚನ್ನು ಕಿತ್ತು ಡೈರೆಕ್ಟ್ ಕೊಟ್ಟಿದ್ದರೆ ಹೀಟರ್ ಖಂಡಿತ ಉರಿಯುತ್ತಿತ್ತು. ಮುಂದಿನದನ್ನು ನಾನು ಬರೆಯಬೇಕಾಗಿಲ್ಲ.

ಪರಿಹಾರ ದೊಡ್ಡದೇನಲ್ಲ. ಬೋರ್ಡಿನಿಂದ ಹುಳು ಮನೆಗೆ ಹೊಸ ಪೈಪಿನಲ್ಲಿ ಕೆಂಪು, ಕಪ್ಪು, ಹಸಿರು ಮೂರು ತಂತಿ ಹೊಸದಾಗಿ ಎಳೆದರು. ಮಂಡಿಯ ಎತ್ತರದಲ್ಲಿದ್ದ ಪ್ಲಗ್ ಪಾಯಿಂಟನ್ನು ಐದಡಿ ಮೇಲಕ್ಕೆ ಏರಿಸಿ ಮುಚ್ಚಳವಿರುವ ಪೆಟ್ಟಿಗೆ ಹಾಕಿದರು. ಅಂದು ರಾತ್ರಿ ಅಡಿಗೆಮನೆಯಿಂದ ತಾತ್ಕಾಲಿಕವಾಗಿ ವೈರು ಎಳೆದು ಹೀಟರ್ ಉರಿಸಿದ್ದರಿಂದ ಹುಳುವಿಗೂ ತೊಂದರೆಯಾಗಲಿಲ್ಲ.

ನಿಮ್ಮ ಮನೆಯಲ್ಲಿ ಹೀಗಾದರೆ ಏನು ಮಾಡಬೇಕು? ಬಿದ್ದದ್ದು ಯಾವುದೆಂದು ಮೊದಲು ನೋಡಿ. ಎಂ.ಸಿ.ಬಿ. ಬಿದ್ದಿದ್ದರೆ ಅದು ಹೊರೆಯ ಅಥವಾ ಶಾರ್ಟಿನ ವಿಷಯ, ಈ ಲೇಖನದ್ದಲ್ಲ. 'ಟಿ' ಗುಂಡಿಯಿರುವ ದೊಡ್ಡದು ಬಿದ್ದಿದ್ದರೆ ಸುಮ್ಮನೆ ಮತ್ತೆ ಮತ್ತೆ ಎತ್ತುತ್ತಿರಬೇಡಿ. ಎತ್ತಿದಾಗಲೆಲ್ಲ ಸೋರಿಕೆಯ ಜಾಗಕ್ಕೆ ಕರೆಂಟು ಕೊಟ್ಟಂತೆ, ಆ ಕ್ಷಣ ಅಲ್ಲಿ ಯಾರ ಕೈಯಿದೆಯೋ ನಿಮಗೆ ಗೊತ್ತಿರುವುದಿಲ್ಲ. ಎಲ್ಲ ಪ್ಲಗ್ಗುಗಳನ್ನೂ ಕಿತ್ತು ಒಮ್ಮೆ ಎತ್ತಿ. ನಿಂತರೆ, ಒಣಗಿದ ಕೈಯಿಂದ, ಚಪ್ಪಲಿ ಹಾಕಿಕೊಂಡು ಒಂದೊಂದೇ ಪ್ಲಗ್ ಹಾಕುತ್ತ ಬನ್ನಿ. ಯಾವುದಕ್ಕೆ ಬೀಳುತ್ತದೋ ಅದನ್ನು ಬೇರೆ ಪ್ಲಗ್ ಪಾಯಿಂಟಿನಲ್ಲಿ ಹಾಕಿ ನೋಡಿ. ಅಲ್ಲಿಯೂ ಬಿದ್ದರೆ ರೋಗ ಉಪಕರಣದಲ್ಲಿದೆ. ಅಲ್ಲಿ ಬೀಳದೆ, ಮೊದಲಿನ ಪಾಯಿಂಟಿನಲ್ಲಿ ಯಾವುದನ್ನು ಹಾಕಿದರೂ ಬಿದ್ದರೆ ರೋಗ ಗೋಡೆಯಲ್ಲಿದೆ. ರೈತ ತಾನೇ ಮಾಡಬಹುದಾದದ್ದು ಇಷ್ಟೇ. ಇಷ್ಟು ಮಾಡಿದರೂ ಎಲೆಕ್ಟ್ರಿಷಿಯನ್ನನ ಅರ್ಧ ದಿನ, ನಿಮ್ಮ ಅರ್ಧ ಕೂಲಿ ಉಳಿಯುತ್ತದೆ.

ಉಪಕರಣಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಕಾಯಿಸುವ ಸಾಮಾನುಗಳನ್ನು: ನೀರು ಕಾಯಿಸುವ ರಾಡ್, ಗೀಸರ್, ಇಸ್ತ್ರಿ ಪೆಟ್ಟಿಗೆ. ಅವುಗಳ ಸುರುಳಿಯ ಸುತ್ತ ತುಂಬಿದ ಪುಡಿಗೆ ತೇವ ಸೇರಿದರೆ ಸೋರಿಕೆ ಶುರುವಾಗುತ್ತದೆ. ಕೆಲವು ಹಾಕಿದೊಡನೆ ಬೀಳಿಸುತ್ತವೆ, ಕೆಲವು ಕಾದ ಮೇಲೆ ಐದು ಹತ್ತು ನಿಮಿಷ ಬಿಟ್ಟು. ಗ್ರೈಂಡರು ಮತ್ತು ಸಣ್ಣ ಪಂಪಿಗೆ ನೀರು ಇಳಿದಿರಬಹುದು. ಒಂದೊಂದಾಗಿ ಎಲ್ಲವೂ ಸರಿ, ಎಲ್ಲ ಒಟ್ಟಿಗೆ ಹಾಕಿದಾಗ ಮಾತ್ರ ಬೀಳುತ್ತದೆ ಎಂದರೆ ಸಣ್ಣ ಸಣ್ಣ ಸೋರಿಕೆಗಳು ಕೂಡಿ ಲೆಕ್ಕ ತುಂಬಿದೆ ಎಂದರ್ಥ. 30 ಎಂದು ಬರೆದಿದ್ದರೂ ಅದು 15ರ ಮೇಲೆ ಎಲ್ಲಿ ಬೇಕಾದರೂ ಬೀಳಬಹುದು. ಗುಡುಗು ಸಿಡಿಲಿನ ರಾತ್ರಿ ಒಮ್ಮೆ ಬಿದ್ದು, ಎತ್ತಿದರೆ ನಿಂತುಕೊಂಡರೆ ಚಿಂತೆಯಿಲ್ಲ.

ಗೋಡೆಯ ರೋಗಗಳು ಬೇರೆ. ಮಳೆಗಾಲದ ಒದ್ದೆ, ಪೆಟ್ಟಿಗೆಯೊಳಗೆ ಇರುವೆ ಗೂಡು, ಹಲ್ಲಿ, ಇಲಿ, ಕ್ಯಾಲೆಂಡರಿಗೆ ಹೊಡೆದ ಮೊಳೆ. ಇನ್ವರ್ಟರ್ ಇರುವ ಮನೆಗಳಲ್ಲಿ ಎರಡು ಕಡೆಯ ನ್ಯೂಟ್ರಲ್ ಕಲಸಿಹೋಗಿರುವುದೂ ಉಂಟು. ರೇಷ್ಮೆಯವರು ಇನ್ನೊಂದನ್ನು ಗಮನಿಸಬೇಕು. ಬೆಳೆ ಮುಗಿದ ಮೇಲೆ ಶೇಕಡ 2ರ ಬ್ಲೀಚಿಂಗ್ ಪುಡಿ ದ್ರಾವಣಕ್ಕೆ ಶೇಕಡ 0.3ರಷ್ಟು ಸುಣ್ಣ ಸೇರಿಸಿ ಗೋಡೆಗೆಲ್ಲ ಸಿಂಪಡಿಸುತ್ತೀರಿ. ಪ್ಲಗ್ ಪಾಯಿಂಟನ್ನೂ ಬಿಡುವುದಿಲ್ಲ! ಆ ನೀರು ಆರಿದ ಮೇಲೂ ಒಳಗೆ ಉಳಿಯುವ ಪುಡಿ ಗಾಳಿಯ ತೇವ ಹೀರಿ ಕರೆಂಟಿಗೆ ದಾರಿ ಮಾಡಿಕೊಡುತ್ತದೆ, ಹಿತ್ತಾಳೆಯನ್ನೂ ತಿನ್ನುತ್ತದೆ. ನಾನು ಹೇಳಿದ ಮನೆಯಲ್ಲಿಯೇ ಬೆಳೆ ಇಳಿದ ಮೇಲೆ ಮತ್ತೊಮ್ಮೆ ಟ್ರಿಪ್ ಆಯಿತು. ಈ ಸಲ ಕಾರಣ ಇದೇ, ಮುಚ್ಚಳ ತೆರೆದಿಟ್ಟು ಸಿಂಪಡಿಸಿದ್ದರು. ಮೇನ್ ಆಫ್ ಮಾಡಿ, ಪಾಯಿಂಟುಗಳನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ ಆಮೇಲೆ ಸಿಂಪಡಿಸಿ.

ಏನೂ ಹಾಕದಿದ್ದರೂ ಲಿವರ್ ನಿಲ್ಲದಿದ್ದರೆ ಪರವಾನಗಿ ಇರುವವರನ್ನೇ ಕರೆಯಿರಿ. ಎಂ.ಸಿ.ಬಿ.ಗಳನ್ನೆಲ್ಲ ಇಳಿಸಿದರೂ ಬೀಳುತ್ತಿದ್ದರೆ ದೋಷ ನ್ಯೂಟ್ರಲ್ ತಂತಿಯಲ್ಲಿರಬಹುದು, ಏಕೆಂದರೆ ಸಾಮಾನ್ಯ ಎಂ.ಸಿ.ಬಿ. ನ್ಯೂಟ್ರಲನ್ನು ಕಡಿಯುವುದಿಲ್ಲ. ಅವರು ಒಂದೊಂದೇ ನ್ಯೂಟ್ರಲ್ ಬಿಡಿಸಿ ಹುಡುಕಬೇಕಾಗುತ್ತದೆ. ಮೆಗ್ಗರ್ ತರಲು ಹೇಳಿ. 500 ವೋಲ್ಟಿನಲ್ಲಿ ನೋಡಿದಾಗ ತಂತಿಗೂ ಭೂಮಿಗೂ ನಡುವೆ ಒಂದು ಮೆಗಾ ಓಮಿಗಿಂತ ಕಡಿಮೆ ಬರಬಾರದು. ಕೆಲಸ ಮುಗಿಸಿ ಹೊರಟವರನ್ನು, ಪ್ಲಗ್ ಪಾಯಿಂಟಿನ ನ್ಯೂಟ್ರಲ್ ಎಲ್ಲಿಂದ ಬಂತು ಎಂದು ಬಾಯಿಬಿಟ್ಟು ಕೇಳಿ. ಸಂಕೋಚ ಬೇಡ.

ಇನ್ನೊಂದು ಮೋಸವಿದೆ. ಪದೇ ಪದೇ ಬೀಳುತ್ತದೆ ಎಂದಾಗ ಕೆಲವರು 30ರದನ್ನು ತೆಗೆದು 100 ಅಥವಾ 300 ಮಿಲಿ ಆಂಪಿಯರಿನದನ್ನು ಕೂರಿಸಿ ಹೋಗುತ್ತಾರೆ. ನೋಡಲು ಒಂದೇ ಥರ, ಬೀಳುವುದೂ ನಿಲ್ಲುತ್ತದೆ. ಅದು ಬೆಂಕಿ ತಡೆಯಲು ಇರುವಂಥದ್ದು, ಜೀವ ಕಾಯುವುದಿಲ್ಲ. ಕೊಳ್ಳುವಾಗ 30 ಎಂಬ ಸಂಖ್ಯೆಯನ್ನೂ ಐ.ಎಸ್.ಐ. ಗುರುತನ್ನೂ ನೀವೇ ಓದಿ ನೋಡಿ. ಒಂದು ಕುರಿಮರಿಯ ಬೆಲೆಗಿಂತ ಕಡಿಮೆಗೆ ಸಿಗುತ್ತದೆ.

ಹಾಗೆಂದು ಅದು ಎಲ್ಲದರಿಂದಲೂ ಕಾಯುತ್ತದೆ ಎಂದು ತಿಳಿಯಬಾರದು. ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದವನನ್ನು ಅದು ಬಲ್ಬು ಎಂದೇ ತಿಳಿಯುತ್ತದೆ. ಅದಕ್ಕಿಂತ ಹಿಂದಿನ ಸರ್ವಿಸ್ ವೈರು, ಹೊಲದ ಪಂಪಿನ ಸ್ಟಾರ್ಟರ್, ರಸ್ತೆಯ ಲೈನು ಯಾವುದೂ ಅದರ ಕಾವಲಿನಲ್ಲಿಲ್ಲ. 2022ರ ನವೆಂಬರ್ 2ರಂದು ರಾಯದುರ್ಗ ಕಡೆಯ ಬೊಮ್ಮನಹಾಳ್ ಮಂಡಲದ ದರ್ಗಾ ಹೊನ್ನೂರಿನಲ್ಲಿ ವಿದ್ಯುತ್ ಲೈನು ಟ್ರ್ಯಾಕ್ಟರಿನ ಮೇಲೆ ಬಿದ್ದು ಕೂಲಿಗೆ ಹೋದ ನಾಲ್ವರು ಹೆಣ್ಣುಮಕ್ಕಳು ತೀರಿಕೊಂಡದ್ದನ್ನು ನೀವು ಮರೆತಿರಲಾರಿರಿ. ಅಂಥದ್ದಕ್ಕೆ ಮನೆಯ ಪೆಟ್ಟಿಗೆ ಏನು ಮಾಡೀತು? ಬಿದ್ದ ತಂತಿಯ ಹತ್ತಿರ ಹೋಗದೆ ಲೈನ್‌ಮನ್ನಿಗೆ ತಿಳಿಸುವುದೊಂದೇ ದಾರಿ. ಮನೆಯೊಳಗೆ ಯಾರಿಗಾದರೂ ಶಾಕ್ ಹೊಡೆದು ಅಂಟಿಕೊಂಡಿದ್ದರೆ ಮುಟ್ಟಬೇಡಿ. ಮೇನ್ ಇಳಿಸಿ. ಅದು ಸಿಗದಿದ್ದರೆ ಒಣಗಿದ ಕೋಲಿನಿಂದ ತಂತಿ ಸರಿಸಿ. ಉಸಿರಿಲ್ಲದಿದ್ದರೆ ಎದೆಯ ನಡುವೆ ಎರಡೂ ಅಂಗೈ ಇಟ್ಟು ನಿಮಿಷಕ್ಕೆ ನೂರರಂತೆ ಬಲವಾಗಿ ಒತ್ತುತ್ತಿರಿ, ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಎದ್ದು ಕೂತು ಚೆನ್ನಾಗಿದ್ದೇನೆ ಎಂದರೂ ಆಸ್ಪತ್ರೆಗೆ ಕರೆದೊಯ್ಯಿರಿ, ಹೃದಯದ ತಾಳ ತಡವಾಗಿಯೂ ಕೆಡಬಹುದು.

ಅರ್ಥಿಂಗ್ ಗುಂಡಿಯ ಬಗ್ಗೆ ಎರಡು ಮಾತು. ಅರ್ಥ್ ಇಲ್ಲದಿದ್ದರೂ ಆರ್.ಸಿ.ಸಿ.ಬಿ. ಕೆಲಸ ಮಾಡುತ್ತದೆ, ಆದರೆ ಯಾರಾದರೂ ಮುಟ್ಟಿದ ಮೇಲೆ. ಅರ್ಥ್ ಸರಿಯಿದ್ದರೆ ಮುಟ್ಟುವ ಮೊದಲೇ ಬೀಳುತ್ತದೆ. ಇದ್ದಿಲು, ಉಪ್ಪು ಹಾಕಿ ಮುಚ್ಚಿದ ಗುಂಡಿಗೆ ಫೆಬ್ರವರಿಯಿಂದ ಮಳೆ ಬರುವ ತನಕ ವಾರಕ್ಕೆರಡು ಬಿಂದಿಗೆ ನೀರು ಹಾಕಿ. ತಂತಿಯ ತಿರುಪು ತುಕ್ಕು ಹಿಡಿದಿದೆಯೇ ನೋಡಿಸಿ. ದನವನ್ನು ಆ ಗುಂಡಿಯ ಬಳಿ ಕಟ್ಟಬೇಡಿ. ನಾಲ್ಕು ಕಾಲು ನೆಲಕ್ಕೆ ಊರಿದ ಪ್ರಾಣಿಗೆ ನಮಗೆ ತಿಳಿಯದಷ್ಟು ಕರೆಂಟೂ ತಾಗುತ್ತದೆ.

ಇನ್ನು ಆ 'ಟಿ' ಗುಂಡಿ. ಕರೆಂಟು ಇರುವಾಗ ತಿಂಗಳಿಗೊಮ್ಮೆ ಅದನ್ನು ಒತ್ತಬೇಕು. ಒತ್ತಿದೊಡನೆ ಲಿವರ್ ಬಿದ್ದರೆ ಕಾವಲುಗಾರ ಎಚ್ಚರವಾಗಿದ್ದಾನೆ. ಬೀಳದಿದ್ದರೆ ಅದು ಸತ್ತಿದೆ, ಬದಲಾಯಿಸಿ. ತಿಂಗಳ ಲೆಕ್ಕ ಮರೆಯುತ್ತದೆ ಎನ್ನುವವರಿಗೆ ಮೊದಲ ಶುಕ್ರವಾರ ಇದ್ದೇ ಇದೆ. ನಮ್ಮ ರೇಷ್ಮೆಯವರ ಮನೆಯ ಹುಡುಗ ಈಗ ಮೊದಲ ಶುಕ್ರವಾರದ ಪೂಜೆಯಿಂದ ಮನೆಗೆ ಹೋದವನೇ ಸ್ಟೂಲ್ ಹತ್ತಿ ಆ ಗುಂಡಿ ಒತ್ತುತ್ತಾನಂತೆ. ಸರಿಯಾಗಿ ಧಾರಾವಾಹಿಯ ಹೊತ್ತಿಗೇ ಒತ್ತುತ್ತಾನೆ ಎಂಬುದು ಅಜ್ಜಿಯ ದೂರು. ಹಾಗಾದರೆ ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಒತ್ತಲಿ ಎಂದು ತೀರ್ಪು ಕೊಟ್ಟಿದ್ದೇನೆ.